ಪೇಪರ್ ಕಳಿಸಿದ ಮೇಲೆ ಏನಾಗುತ್ತದೆ? ಪೀರ್ ರಿವ್ಯೂ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ರಾಯಚೂರಿನಲ್ಲಿ ಮಣ್ಣು ವಿಜ್ಞಾನ ಕಲಿಸುತ್ತೇನೆ. ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆಯ ಸವಳು ಭೂಮಿ ನನ್ನ ಕೆಲಸದ ವಿಷಯ. ಹದಿನೈದು ವರ್ಷದಿಂದ ಸಂಶೋಧನಾ ಪೇಪರ್ ಬರೆಯುತ್ತಿದ್ದೇನೆ. ಹತ್ತು ವರ್ಷದಿಂದ ಬೇರೆಯವರ ಪೇಪರ್‌ಗಳಿಗೆ ರಿವ್ಯೂ ಮಾಡುತ್ತಿದ್ದೇನೆ. ನಮ್ಮ ಸ್ಕಾಲರ್‌ಗಳು, ಬಳ್ಳಾರಿ, ಕೊಪ್ಪಳ ಕಡೆಯ ಎಂಎಸ್‌ಸಿ ಮಕ್ಕಳು ಫೋನ್ ಮಾಡಿ ಕೇಳುವುದು ಹೆಚ್ಚೂಕಡಿಮೆ ಒಂದೇ ಪ್ರಶ್ನೆಗಳನ್ನು. "ಮೇಡಂ, ಎರಡು ತಿಂಗಳಿಂದ ಅಂಡರ್ ರಿವ್ಯೂ ಅಂತನೇ ತೋರಿಸ್ತೈತ್ರಿ, ಏನ್ ಮಾಡ್ಲಿ?" ಅಂತ ನಿನ್ನೆ ಒಬ್ಬ ಹುಡುಗ ಕೇಳಿದ. ಅವನಿಗೂ ಅವನಂಥವರಿಗೂ ಒಂದೇ ಕಡೆ ಉತ್ತರ ಸಿಗಲಿ ಅಂತ ಇದನ್ನು ಬರೆದಿದ್ದೇನೆ.

ಪೀರ್ ರಿವ್ಯೂ ಅಂದರೆ ಏನು?

ನೀವು ಬರೆದ ಪೇಪರನ್ನು ಅಚ್ಚು ಮಾಡುವ ಮೊದಲು, ಅದೇ ವಿಷಯದಲ್ಲಿ ಕೆಲಸ ಮಾಡುವ ಬೇರೆ ಇಬ್ಬರು ಮೂವರು ಓದಿ ಪರೀಕ್ಷೆ ಮಾಡುತ್ತಾರೆ. ಪೀರ್ ಅಂದರೆ ಸರಿಸಮಾನರು. ನಿಮಗಿಂತ ಮೇಲಿನ ಅಧಿಕಾರಿ ಅಲ್ಲ, ನಿಮ್ಮ ಹಾಗೇ ಲ್ಯಾಬಿನಲ್ಲೋ ಹೊಲದಲ್ಲೋ ದುಡಿಯುವವರು. ಅವರು ತಪ್ಪು ಹುಡುಕುತ್ತಾರೆ, ಪ್ರಶ್ನೆ ಕೇಳುತ್ತಾರೆ, ಕೊನೆಗೆ ಜರ್ನಲ್ಲಿನ, ಅಂದರೆ ಪೇಪರ್ ಅಚ್ಚು ಮಾಡುವ ಸಂಶೋಧನಾ ಪತ್ರಿಕೆಯ, ಸಂಪಾದಕರಿಗೆ ಸಲಹೆ ಕೊಡುತ್ತಾರೆ. ತೀರ್ಮಾನ ಸಂಪಾದಕರದ್ದು. ಈ ಕೊನೆಯ ಮಾತನ್ನು ಬಹಳ ಜನ ಮರೆಯುತ್ತಾರೆ. "ರಿವ್ಯೂವರ್ ರಿಜೆಕ್ಟ್ ಮಾಡಿದ" ಅನ್ನುವುದು ಸರಿಯಲ್ಲ. ರಿವ್ಯೂವರ್ ಹೇಳಬಹುದು ಅಷ್ಟೇ.

ಇದು ಯಾವ ಕಾಲದಿಂದ ಇದೆ?

ವಿಜ್ಞಾನದ ಜರ್ನಲ್‌ಗಳು ಹಳೆಯವು. ಲಂಡನ್ನಿನ ರಾಯಲ್ ಸೊಸೈಟಿಯ 'ಫಿಲಾಸಫಿಕಲ್ ಟ್ರಾನ್ಸಾಕ್ಷನ್ಸ್' ಶುರುವಾಗಿದ್ದು 1665ರಲ್ಲಿ. ಆದರೆ ಅಲ್ಲಿ ಏನು ಅಚ್ಚಾಗಬೇಕು ಅನ್ನುವುದನ್ನು ಸಂಪಾದಕ ಹೆನ್ರಿ ಓಲ್ಡೆನ್‌ಬರ್ಗ್ ಅವರೇ ನೋಡಿಕೊಳ್ಳುತ್ತಿದ್ದರು. ತಜ್ಞರಿಂದ ಲಿಖಿತ ಅಭಿಪ್ರಾಯ ಪಡೆಯುವ ಪದ್ಧತಿ ರಾಯಲ್ ಸೊಸೈಟಿಯಲ್ಲಿ ನೆಲೆಯೂರಿದ್ದು 1830ರ ದಶಕದಲ್ಲಿ. 'ನೇಚರ್' ಪತ್ರಿಕೆ ಎಲ್ಲ ಪೇಪರ್‌ಗಳನ್ನೂ ಹೊರಗಿನ ತಜ್ಞರಿಗೆ ಕಳಿಸುವ ನಿಯಮ ಮಾಡಿಕೊಂಡಿದ್ದಂತೂ 1973ರಲ್ಲಿ. 1953ರಲ್ಲಿ ಅದೇ ಪತ್ರಿಕೆಯಲ್ಲಿ ಬಂದ ವಾಟ್ಸನ್ ಮತ್ತು ಕ್ರಿಕ್ ಅವರ ಡಿಎನ್‌ಎ ಪೇಪರ್ ಹೀಗೆ ರಿವ್ಯೂ ಆಗಿರಲೇ ಇಲ್ಲ.

ಐನ್‌ಸ್ಟೈನ್ ಅವರ ಪ್ರಸಂಗವನ್ನು ನಾನು ಪ್ರತಿ ಬ್ಯಾಚಿಗೂ ಹೇಳುತ್ತೇನೆ. 1936ರಲ್ಲಿ ಅವರು ನೇಥನ್ ರೋಸೆನ್ ಜೊತೆ ಸೇರಿ 'ಫಿಸಿಕಲ್ ರಿವ್ಯೂ'ಗೆ ಒಂದು ಪೇಪರ್ ಕಳಿಸಿದರು. ಗುರುತ್ವ ಅಲೆಗಳು ಇಲ್ಲ ಅನ್ನುವುದು ಅದರ ತೀರ್ಮಾನ. ಸಂಪಾದಕರು ಅದನ್ನು ಒಬ್ಬ ತಜ್ಞರಿಗೆ ಕಳಿಸಿದರು. ತಜ್ಞರು ಲೆಕ್ಕದಲ್ಲಿ ತಪ್ಪು ತೋರಿಸಿದರು. ಐನ್‌ಸ್ಟೈನ್ ಅವರಿಗೆ ಸಿಟ್ಟು ಬಂತು. ಅಚ್ಚು ಮಾಡಲು ಕೊಟ್ಟಿದ್ದೆವು, ಬೇರೆಯವರಿಗೆ ತೋರಿಸಲು ನಾವು ಒಪ್ಪಿರಲಿಲ್ಲ ಅಂತ ಬರೆದು ಪೇಪರ್ ವಾಪಸ್ ತಗೊಂಡರು. ಮುಂದೆ ಅದೇ ಪೇಪರ್ ಬೇರೆ ಜರ್ನಲ್ಲಿನಲ್ಲಿ ಬರುವ ಹೊತ್ತಿಗೆ ತೀರ್ಮಾನ ಬದಲಾಗಿತ್ತು. ತಜ್ಞರು ಹೇಳಿದ್ದೇ ಸರಿಯಿತ್ತು. ಗುರುತ್ವ ಅಲೆಗಳು ಉಪಕರಣಕ್ಕೆ ಸಿಕ್ಕಿದ್ದು 2015ರಲ್ಲಿ. ಐನ್‌ಸ್ಟೈನ್ ಅವರಿಗೇ ಸಿಟ್ಟು ಬಂದಿದೆ ಅಂದಮೇಲೆ ನಿಮಗೆ ಬಂದರೆ ತಪ್ಪಿಲ್ಲ. ಆದರೆ ಸಿಟ್ಟು ಇಳಿದ ಮೇಲೆ ಲೆಕ್ಕ ಮತ್ತೊಮ್ಮೆ ನೋಡಿ.

ನಾನು 'ಸಬ್‌ಮಿಟ್' ಒತ್ತಿದ ಮೇಲೆ ನನ್ನ ಪೇಪರ್ ಎಲ್ಲಿಗೆ ಹೋಗುತ್ತದೆ?

ಮೊದಲು ಜರ್ನಲ್ಲಿನ ಕಚೇರಿಗೆ. ಅಲ್ಲಿ ಫೈಲುಗಳು ಪೂರ್ತಿ ಇವೆಯಾ, ಚಿತ್ರಗಳು ಸ್ಪಷ್ಟವಾಗಿವೆಯಾ, ಬೇರೆ ಕಡೆಯಿಂದ ನಕಲು ಮಾಡಿದ್ದಾರಾ ಅಂತ ನೋಡುತ್ತಾರೆ. ನಂತರ ಮುಖ್ಯ ಸಂಪಾದಕರಿಗೆ, ಅವರಿಂದ ನಿಮ್ಮ ವಿಷಯ ಬಲ್ಲ ಸಹ ಸಂಪಾದಕರಿಗೆ. ಅವರು ಓದಿ, ಇದು ಮುಂದೆ ಹೋಗಬಹುದು ಅನ್ನಿಸಿದರೆ ರಿವ್ಯೂವರ್‌ಗಳನ್ನು ಹುಡುಕಲು ಶುರು ಮಾಡುತ್ತಾರೆ. ಹೆಚ್ಚು ಸಮಯ ತಿನ್ನುವುದು ಇದೇ. ಐದಾರು ಜನಕ್ಕೆ ಮೇಲ್ ಹಾಕಿದರೂ ಒಬ್ಬರೂ ಒಪ್ಪದೇ ಇರಬಹುದು. ನಿಮಗೆ ಕಾಣುವುದು ಬರೀ 'ವಿತ್ ಎಡಿಟರ್' ಅನ್ನುವ ಎರಡು ಪದ. ಇಬ್ಬರು ಒಪ್ಪಿದ ಮೇಲೆ ಅದು 'ಅಂಡರ್ ರಿವ್ಯೂ' ಆಗುತ್ತದೆ. ವರದಿಗಳು ಬಂದ ಮೇಲೆ ಸಂಪಾದಕರು ನಾಲ್ಕರಲ್ಲಿ ಒಂದನ್ನು ಹೇಳುತ್ತಾರೆ: ಹಾಗೇ ಒಪ್ಪಿದೆ, ಸಣ್ಣಪುಟ್ಟ ತಿದ್ದುಪಡಿ ಮಾಡಿ, ದೊಡ್ಡ ತಿದ್ದುಪಡಿ ಮಾಡಿ, ಇಲ್ಲವೇ ಬೇಡ. ಮೊದಲ ಸುತ್ತಿನಲ್ಲೇ ಹಾಗೇ ಒಪ್ಪಿದ್ದನ್ನು ನನ್ನ ಪೇಪರ್‌ಗಳಲ್ಲಿ ಒಂದು ಸಲವೂ ಕಂಡಿಲ್ಲ.

ಮೂರೇ ದಿನಕ್ಕೆ ವಾಪಸ್ ಬಂತು. ಓದಿದರೋ ಇಲ್ಲವೋ?

ಓದಿದ್ದಾರೆ, ಆದರೆ ಸಂಪಾದಕರು ಮಾತ್ರ. ಇದಕ್ಕೆ ಡೆಸ್ಕ್ ರಿಜೆಕ್ಷನ್ ಅನ್ನುತ್ತಾರೆ. ಬಹಳ ಸಲ ಕಾರಣ ಪೇಪರಿನ ಗುಣಮಟ್ಟ ಅಲ್ಲ, ವಿಷಯ ಆ ಜರ್ನಲ್ಲಿಗೆ ಹೊಂದದೇ ಇರುವುದು. ಒಂದು ತಾಲ್ಲೂಕಿನ ತೊಗರಿ ಬೆಳೆಯ ಸಮೀಕ್ಷೆಯನ್ನು ಸಸ್ಯಗಳ ಅಣುಜೀವವಿಜ್ಞಾನದ ಜರ್ನಲ್ಲಿಗೆ ಕಳಿಸಿದರೆ ಅವರು ಏನು ಮಾಡಬೇಕು ಹೇಳಿ. ಕಳಿಸುವ ಮೊದಲು ಆ ಜರ್ನಲ್ಲಿನ ಹೋದ ಎರಡು ವರ್ಷದ ಸಂಚಿಕೆಗಳನ್ನು ತಿರುವಿ ಹಾಕಿ. ನಿಮ್ಮಂಥ ಪೇಪರ್ ಒಂದೂ ಇಲ್ಲವೆಂದರೆ ಅದು ನಿಮ್ಮ ಜಾಗ ಅಲ್ಲ. ಮೂರು ದಿನಕ್ಕೆ ವಾಪಸ್ ಬಂದಿದ್ದು ಒಳ್ಳೆಯದೇ. ಆರು ತಿಂಗಳು ಉಳಿಯಿತು.

ರಿವ್ಯೂವರ್‌ಗಳನ್ನು ಹೇಗೆ ಆರಿಸುತ್ತಾರೆ? ನಾನೇ ಹೆಸರು ಕೊಡಬಹುದಾ?

ಸಂಪಾದಕರು ತಮಗೆ ಗೊತ್ತಿರುವವರನ್ನು, ನೀವು ಉಲ್ಲೇಖಿಸಿದ ಪೇಪರ್‌ಗಳನ್ನು ಬರೆದವರನ್ನು, ಹಿಂದೆ ಚೆನ್ನಾಗಿ ರಿವ್ಯೂ ಮಾಡಿಕೊಟ್ಟವರನ್ನು ಕೇಳುತ್ತಾರೆ. ಅನೇಕ ಜರ್ನಲ್‌ಗಳು ನಿಮ್ಮಿಂದಲೂ ಎರಡು ಮೂರು ಹೆಸರು ಕೇಳುತ್ತವೆ. ಕೊಡಿ. ಆದರೆ ನಿಮ್ಮ ಗೈಡ್, ಗೈಡಿನ ಗೈಡ್, ಪಕ್ಕದ ವಿಭಾಗದವರು, ಹೋದ ವರ್ಷ ನಿಮ್ಮ ಜೊತೆ ಪೇಪರ್ ಬರೆದವರು, ಇವರ ಹೆಸರು ಬೇಡ. ನೀವು ಹೆಸರು ಕೊಟ್ಟವರ ಸಂಸ್ಥೆಯ ಮೇಲ್ ವಿಳಾಸವನ್ನೇ ಬರೆಯಿರಿ. ಈ ಕಟ್ಟುನಿಟ್ಟಿಗೆ ಕಾರಣ ಇದೆ. ಕೆಲವರು ತಜ್ಞರ ಹೆಸರಿನಲ್ಲಿ ಸುಳ್ಳು ಮೇಲ್ ವಿಳಾಸ ಸೃಷ್ಟಿಸಿ ತಮ್ಮ ಪೇಪರಿಗೆ ತಾವೇ ರಿವ್ಯೂ ಬರೆದುಕೊಂಡರು. 2014ರಲ್ಲಿ ಕಂಪನ ವಿಜ್ಞಾನದ ಒಂದು ಅಂತರರಾಷ್ಟ್ರೀಯ ಜರ್ನಲ್ ಇದೇ ಕಾರಣಕ್ಕೆ 60 ಪೇಪರ್‌ಗಳನ್ನು ಹಿಂಪಡೆಯಬೇಕಾಯಿತು.

ರಿವ್ಯೂವರ್‌ಗೆ ದುಡ್ಡು ಕೊಡುತ್ತಾರಾ?

ಬಹುತೇಕ ಇಲ್ಲ. ಒಂದು ಪೇಪರನ್ನು ಸರಿಯಾಗಿ ನೋಡಲು ನನಗೆ ಐದಾರು ತಾಸು ಬೇಕು. ಪಾಠ, ಪರೀಕ್ಷೆ, ಹೊಲದ ಕೆಲಸ ಎಲ್ಲ ಮುಗಿದ ಮೇಲೆ ರಾತ್ರಿ ಕೂತು ಮಾಡುತ್ತೇನೆ. ನನ್ನ ಪೇಪರನ್ನೂ ಯಾರೋ ಎಲ್ಲೋ ಹೀಗೇ ರಾತ್ರಿ ಕೂತು ನೋಡಿದ್ದಾರೆ.

ಅವರಿಗೆ ನನ್ನ ಹೆಸರು ಗೊತ್ತಾಗುತ್ತದಾ? ನನಗೆ ಅವರ ಹೆಸರು?

ಜರ್ನಲ್ ಮೇಲೆ ಹೋಗುತ್ತದೆ. ವಿಜ್ಞಾನದಲ್ಲಿ ಜಾಸ್ತಿ ಕಾಣುವುದು ಸಿಂಗಲ್ ಬ್ಲೈಂಡ್. ಅವರಿಗೆ ನಿಮ್ಮ ಹೆಸರು ಕಾಣುತ್ತದೆ, ನಿಮಗೆ ಅವರದು ಕಾಣದು. ಡಬಲ್ ಬ್ಲೈಂಡ್‌ನಲ್ಲಿ ಇಬ್ಬರಿಗೂ ಕಾಣದು. ದೊಡ್ಡ ಸಂಸ್ಥೆಯ ಹೆಸರು ನೋಡಿ ಮೆತ್ತಗಾಗುವುದು, ಸಣ್ಣ ಊರಿನ ಕಾಲೇಜಿನ ಹೆಸರು ನೋಡಿ ಮೊದಲೇ ಅನುಮಾನ ಪಡುವುದು, ಎರಡೂ ಮನುಷ್ಯರಲ್ಲಿ ಇದೆ. ಹಾಗಾಗಿ ನಮ್ಮ ಕಡೆಯ ಸ್ಕಾಲರ್‌ಗಳಿಗೆ ಡಬಲ್ ಬ್ಲೈಂಡ್ ಇದ್ದರೆ ಅದನ್ನೇ ಆರಿಸಿಕೊಳ್ಳಿ ಅನ್ನುತ್ತೇನೆ. ಆಗ ಹೆಸರು ತೆಗೆದರಷ್ಟೇ ಸಾಲದು. ಕೃತಜ್ಞತೆಯ ಭಾಗ, ವರ್ಡ್ ಫೈಲಿನೊಳಗೆ ಅಡಗಿರುವ ಬರೆದವರ ಹೆಸರು, "ನಾವು ಹಿಂದೆ ಹೇಳಿದಂತೆ" ಅನ್ನುವ ಸಾಲು, ಎಲ್ಲ ತೆಗೆಯಬೇಕು.

ಮೂರನೆಯದು ಓಪನ್ ರಿವ್ಯೂ. ಬ್ರಿಟನ್ನಿನ ವೈದ್ಯಕೀಯ ಜರ್ನಲ್ 'ಬಿಎಂಜೆ' 1999ರಿಂದ ರಿವ್ಯೂವರ್ ಹೆಸರನ್ನು ಲೇಖಕರಿಗೆ ತಿಳಿಸುತ್ತಿದೆ. 'ನೇಚರ್' 2025ರ ಜೂನ್‌ನಿಂದ ಹೊಸದಾಗಿ ಬರುವ ಸಂಶೋಧನಾ ಪೇಪರ್‌ಗಳ ಜೊತೆ ರಿವ್ಯೂ ವರದಿಗಳನ್ನೂ ಲೇಖಕರ ಉತ್ತರಗಳನ್ನೂ ಪ್ರಕಟಿಸುತ್ತಿದೆ. ಅವನ್ನು ತೆಗೆದು ಓದಿ. ಒಳ್ಳೆಯ ರಿವ್ಯೂ ಹೇಗಿರುತ್ತದೆ, ಅದಕ್ಕೆ ಹೇಗೆ ಉತ್ತರ ಕೊಡಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಸಿಗಲಿಕ್ಕಿಲ್ಲ.

ರಿವ್ಯೂವರ್ ಏನನ್ನು ನೋಡುತ್ತಾರೆ?

ಇದಕ್ಕೆ ನನ್ನದೇ ಒಂದು ಪೇಪರಿನ ಕಥೆ ಹೇಳುತ್ತೇನೆ.

ಸಿಂಧನೂರು ಕಡೆಯ ತಗ್ಗಿನ ಭತ್ತದ ಗದ್ದೆಗಳಿಂದ ಮಣ್ಣು ತಂದು ಸವಳಿನ ಪ್ರಮಾಣ ಅಳೆದಿದ್ದೆವು. ಮಣ್ಣಿನಲ್ಲಿ ಉಪ್ಪು ಎಷ್ಟಿದೆ ಅನ್ನುವುದನ್ನು ಇಸಿ ಮೀಟರಿನಿಂದ, ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಅಂತ ನೋಡಿ ಹೇಳುತ್ತಾರೆ. ಆ ಅಂಕಿ 4 (ಇದರ ಅಳತೆ ಡೆಸಿ ಸೀಮೆನ್ಸ್ ಪ್ರತಿ ಮೀಟರ್) ದಾಟಿದರೆ ಅದು ಸವಳು ಮಣ್ಣು. ನಮ್ಮ ಟೇಬಲ್ಲಿನಲ್ಲಿ ಬಹಳಷ್ಟು ಅಂಕಿಗಳು ಒಂದೂವರೆ ಎರಡರ ಸುತ್ತ ಇದ್ದವು. "ಈ ಗದ್ದೆಗಳಲ್ಲಿ ಸವಳಿನ ಸಮಸ್ಯೆ ಇಲ್ಲ" ಅಂತ ಬರೆದು ಕಳಿಸಿದೆವು. ಮೂವರು ಓದಿದ್ದೆವು, ಯಾರಿಗೂ ಏನೂ ಅನ್ನಿಸಲಿಲ್ಲ.

ಎರಡನೇ ರಿವ್ಯೂವರ್ ಒಂದೇ ಸಾಲು ಬರೆದಿದ್ದರು. "ಇಸಿ ಅಳೆದಿದ್ದು ಮಣ್ಣಿನ ಸ್ಯಾಚುರೇಷನ್ ಪೇಸ್ಟಿನ ಸಾರದಲ್ಲೋ, 1:2.5 ದ್ರಾವಣದಲ್ಲೋ?"

ನಾನು ಓದಿದ ಕೂಡಲೇ ಬೆವೆತೆ. ನಾವು ಅಳೆದಿದ್ದು ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು ಹಾಕಿ ಕಲಕಿದ ದ್ರಾವಣದಲ್ಲಿ. ನಮ್ಮ ಲ್ಯಾಬುಗಳಲ್ಲಿ ದಿನಾ ಮಾಡುವುದು ಅದನ್ನೇ, ಬೇಗ ಆಗುತ್ತದೆ. ಆದರೆ 4 ಅನ್ನುವ ಗಡಿ ಇರುವುದು ಪೇಸ್ಟಿನ ಸಾರಕ್ಕೆ, ಅಂದರೆ ಮಣ್ಣು ಪೂರ್ತಿ ನೆನೆಯುವಷ್ಟೇ ನೀರು ಹಾಕಿ ಕಲಸಿ ಅದರಿಂದ ಹೀರಿ ತೆಗೆದ ನೀರಿಗೆ. ನೀರು ಜಾಸ್ತಿ ಹಾಕಿದರೆ ಉಪ್ಪು ತೆಳುವಾಗುತ್ತದೆ, ಅಂಕಿ ಇಳಿಯುತ್ತದೆ. ನಮ್ಮ ಒಂದೂವರೆ ನಿಜದಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ. ಅದೂ ಭತ್ತಕ್ಕೆ ಪೇಸ್ಟಿನ ಲೆಕ್ಕದಲ್ಲಿ 3 ದಾಟಿದರೆ ಇಳುವರಿ ಬೀಳಲು ಶುರು. ಮತ್ತೆ ಮಣ್ಣು ತಂದು ಪೇಸ್ಟ್ ಮಾಡಿ ಅಳೆದೆವು. ಅರ್ಧಕ್ಕರ್ಧ ಗದ್ದೆಗಳು ಸವಳು ಅಂತ ಬಂತು.

ಆ ಸಾಲು ಬರದೇ ಹೋಗಿದ್ದರೆ? ಪೇಪರ್ ಅಚ್ಚಾಗುತ್ತಿತ್ತು. ಅದನ್ನು ಓದಿದ ಯಾರಾದರೂ ರೈತರಿಗೆ "ನಿಮ್ಮ ಹೊಲದಾಗ ಸವಳಿಲ್ಲ, ಗೊಬ್ಬರ ಜಾಸ್ತಿ ಹಾಕ್ರಿ" ಅನ್ನುತ್ತಿದ್ದರು. ಅವರು ಸಾಲ ಮಾಡಿ ಗೊಬ್ಬರ ಹಾಕುತ್ತಿದ್ದರು. ಪೀರ್ ರಿವ್ಯೂ ಅಂದಾಗ ನನಗೆ ಮೊದಲು ನೆನಪಾಗುವುದು ಆ ಸಾಲು. ಬರೆದವರು ಯಾರು ಅಂತ ಇವತ್ತಿಗೂ ಗೊತ್ತಿಲ್ಲ.

ಅದೇ ವರದಿಯಲ್ಲಿ ಇನ್ನೊಂದು ಪ್ರಶ್ನೆ ಇತ್ತು: ಮಣ್ಣು ತೆಗೆದಿದ್ದು ಕಾಲುವೆಗೆ ನೀರು ಬಿಡುವ ಮೊದಲೋ ನಂತರವೋ, ಎಷ್ಟು ಆಳದಿಂದ? ಗದ್ದೆಯಲ್ಲಿ ನೀರು ನಿಂತರೆ ಉಪ್ಪು ಕೆಳಗಿಳಿಯುತ್ತದೆ. ಬೇಸಿಗೆಯಲ್ಲಿ ಮೇಲೇರಿ ಬೆಳ್ಳಗೆ ಕಾಣುತ್ತದೆ. ದಿನಾಂಕ ಬರೆಯದಿದ್ದರೆ ಅಂಕಿಗೆ ಅರ್ಥ ಇಲ್ಲ.

ಒಟ್ಟಿನಲ್ಲಿ ರಿವ್ಯೂವರ್ ನೋಡುವುದು ಇಂಥವನ್ನು. ಪ್ರಶ್ನೆ ಕೇಳಲು ಯೋಗ್ಯವಾದದ್ದೇ? ಮಾಡಿದ ವಿಧಾನದಿಂದ ಆ ಪ್ರಶ್ನೆಗೆ ಉತ್ತರ ಸಿಗುತ್ತದಾ? ಬೇರೊಬ್ಬರು ಇದನ್ನು ಓದಿ ಅದೇ ಪ್ರಯೋಗ ಮಾಡಬಲ್ಲರೇ? ಅಂಕಿಗಳು ತೀರ್ಮಾನದಷ್ಟು ಭಾರ ಹೊರುತ್ತವಾ? ಕೊನೆಯದರಲ್ಲೇ ನಮ್ಮವರು ಎಡವುವುದು ಜಾಸ್ತಿ. ಐದು ಟ್ರೀಟ್‌ಮೆಂಟ್ (ಹೋಲಿಸಿ ನೋಡುವ ಉಪಚಾರ), ಮೂರು ರೆಪ್ಲಿಕೇಷನ್ (ಪ್ರತಿ ಉಪಚಾರವನ್ನು ಎಷ್ಟು ಸಲ ಮಾಡಿದ್ದು) ಹಾಕಿ ಪ್ರಯೋಗ ಮಾಡಿರುತ್ತಾರೆ. ಎರರ್ ಡಿಗ್ರೀಸ್ ಆಫ್ ಫ್ರೀಡಂ, ಅಂದರೆ ವ್ಯತ್ಯಾಸ ಬರೀ ಆಕಸ್ಮಿಕವೋ ಅಂತ ಅಂದಾಜು ಮಾಡಲು ಸಿಗುವ ಆಧಾರದ ಲೆಕ್ಕ, ಕನಿಷ್ಠ 12 ಇರಲಿ ಅಂತ ಕ್ಷೇತ್ರ ಪ್ರಯೋಗದಲ್ಲಿ ಕಲಿಸುತ್ತಾರೆ ಅಲ್ವಾ? ಐದರಿಂದ ಒಂದು ಕಳೆದು, ಮೂರರಿಂದ ಒಂದು ಕಳೆದು ಗುಣಿಸಿ. 8 ಬರುತ್ತದೆ. ನಾಲ್ಕು ರೆಪ್ಲಿಕೇಷನ್ ಹಾಕಿದ್ದರೆ ಸರಿಯಾಗಿ 12. ಬೆಳೆ ಕೊಯ್ದ ಮೇಲೆ ರಿವ್ಯೂವರ್ ಇದನ್ನು ಕೇಳಿದರೆ ಏನೂ ಮಾಡಲಾಗದು. ಬಿತ್ತುವ ಮೊದಲೇ ರಿವ್ಯೂವರ್ ಎದುರಿಗೆ ಕೂತಿದ್ದಾರೆ ಅಂದುಕೊಳ್ಳಿ.

ಮೇಜರ್ ರಿವಿಷನ್ ಅಂತ ಬಂದಿದೆ. ಹದಿನೇಳು ಪ್ರಶ್ನೆ. ಮುಗೀತಾ?

ಇಲ್ಲ ತಮ್ಮಾ, ಈಗ ಶುರು. ಮೇಜರ್ ರಿವಿಷನ್ ಅಂದರೆ ಸಂಪಾದಕರಿಗೆ ನಿನ್ನ ಪೇಪರ್ ಬೇಕಾಗಿದೆ ಅಂತ ಅರ್ಥ. ಬೇಡವಾಗಿದ್ದರೆ ಬೇಡ ಅನ್ನುತ್ತಿದ್ದರು.

ವರದಿ ಬಂದ ದಿನ ಉತ್ತರ ಬರೆಯಬೇಡಿ. ಒಮ್ಮೆ ಓದಿ ಮುಚ್ಚಿಡಿ. ಎರಡು ದಿನ ಬಿಟ್ಟು ತೆರೆಯಿರಿ. ಆಗ ಹದಿನೇಳರಲ್ಲಿ ಹತ್ತು ಪ್ರಶ್ನೆ ಸಣ್ಣವು ಅಂತ ಕಾಣುತ್ತದೆ. ಆಮೇಲೆ ಒಂದು ಹೊಸ ಫೈಲಿನಲ್ಲಿ ಅವರ ಪ್ರತಿ ಮಾತನ್ನೂ ಹಾಗೇ ಹಾಕಿಕೊಳ್ಳಿ, ಒಂದನ್ನೂ ಬಿಡದೆ. ಪ್ರತಿಯೊಂದರ ಕೆಳಗೆ ನೀವು ಏನು ಮಾಡಿದಿರಿ, ಯಾವ ಪುಟ, ಯಾವ ಸಾಲಿನಲ್ಲಿ ಬದಲಾಯಿಸಿದಿರಿ ಅಂತ ಬರೆಯಿರಿ. "ಸಲಹೆಯಂತೆ ಬದಲಾಯಿಸಲಾಗಿದೆ" ಅಂತ ಸುಮ್ನೆ ಬರೆದರೆ ಅವರು ಇಪ್ಪತ್ತು ಪುಟ ಹುಡುಕಬೇಕು. ಹೊಸ ಸಾಲನ್ನು ಅಲ್ಲೇ ಎತ್ತಿ ಹಾಕಿ.

ಅವರು ಹೇಳಿದ್ದೆಲ್ಲ ಒಪ್ಪಲೇಬೇಕೇ? ಬೇಡ. ನಮ್ಮ ಎರೆ ಭೂಮಿ ಹೇಗಿರುತ್ತದೆ, ತುಂಗಭದ್ರಾ ಕಾಲುವೆಯ ನೀರು ಯಾವಾಗ ಬರುತ್ತದೆ ಅನ್ನುವುದು ದೂರದಲ್ಲಿ ಕೂತವರಿಗೆ ಗೊತ್ತಿಲ್ಲದೇ ಇರಬಹುದು. ಆಗ ಮರ್ಯಾದೆಯಿಂದ, ಆಧಾರ ಕೊಟ್ಟು, ಯಾಕೆ ಬದಲಾಯಿಸಿಲ್ಲ ಅಂತ ಬರೆಯಿರಿ. ಹದಿನೇಳರಲ್ಲಿ ಎರಡು ಮೂರಕ್ಕೆ ಹೀಗೆ ಬರೆದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಇನ್ನೊಂದು: "ರಿವ್ಯೂವರ್‌ಗೆ ಅರ್ಥ ಆಗಿಲ್ಲ" ಅಂತ ನಿಮಗೆ ಅನ್ನಿಸಿದ ಕಡೆಯೆಲ್ಲ ನಿಮ್ಮ ಬರವಣಿಗೆಯೇ ಅಸ್ಪಷ್ಟ ಇರುತ್ತದೆ. ಅವರು ವಿಷಯ ಬಲ್ಲವರು. ಅವರಿಗೇ ತಿಳಿಯದಿದ್ದರೆ ಉಳಿದವರಿಗೆ ತಿಳಿಯುತ್ತದಾ?

ಒಬ್ಬರು ಚೆನ್ನಾಗಿದೆ ಅಂದಿದ್ದಾರೆ, ಇನ್ನೊಬ್ಬರು ಬೇಡವೇ ಬೇಡ ಅಂದಿದ್ದಾರೆ.

ಬಹಳ ಸಾಮಾನ್ಯ. ಸಂಪಾದಕರು ಮೂರನೆಯವರನ್ನು ಕೇಳಬಹುದು, ಇಲ್ಲವೇ ತಾವೇ ತೂಗಿ ನೋಡಬಹುದು. ಓಟು ಎಣಿಸುವುದಿಲ್ಲ. ಇಬ್ಬರ ಸಲಹೆ ಒಂದಕ್ಕೊಂದು ವಿರುದ್ಧ ಇದ್ದರೆ, ಯಾವುದನ್ನು ಯಾಕೆ ಆರಿಸಿದಿರಿ ಅಂತ ಸಂಪಾದಕರಿಗೇ ನೇರ ಬರೆಯಿರಿ.

ಎಷ್ಟು ತಿಂಗಳು ಕಾಯಬೇಕು?

ಮೊದಲ ಉತ್ತರಕ್ಕೆ ಎರಡರಿಂದ ನಾಲ್ಕು ತಿಂಗಳು ಅಂತ ಇಟ್ಟುಕೊಳ್ಳಿ. ಕೆಲವು ಜರ್ನಲ್‌ಗಳು ತಮ್ಮ ಸರಾಸರಿ ದಿನಗಳನ್ನು ತಾವೇ ಹಾಕಿರುತ್ತವೆ. ಮೂರು ತಿಂಗಳಾದ ಮೇಲೆ ನಾಲ್ಕು ಸಾಲಿನ ಮೇಲ್ ಹಾಕಬಹುದು. ಪೇಪರಿನ ನಂಬರ್, ಕಳಿಸಿದ ದಿನಾಂಕ, ಈಗಿನ ಸ್ಥಿತಿ ತಿಳಿಸಿ ಅನ್ನುವ ಕೋರಿಕೆ. ಸ್ಕಾಲರ್‌ಶಿಪ್ ಮುಗಿಯುತ್ತಿದೆ, ದಯವಿಟ್ಟು ಬೇಗ ಮಾಡಿ ಅಂತ ಬರೆಯಬೇಡಿ. ನಿಮ್ಮ ಕಷ್ಟ ನಿಜ, ಆದರೆ ಸಂಪಾದಕರು ಅದನ್ನು ನೋಡಿ ತೀರ್ಮಾನ ಮಾಡುವ ಹಾಗಿಲ್ಲ.

ಅಷ್ಟರಲ್ಲಿ ಅದೇ ಪೇಪರನ್ನು ಇನ್ನೊಂದು ಜರ್ನಲ್ಲಿಗೆ ಕಳಿಸಬಹುದಾ ಅಂತ ಕೇಳುತ್ತಾರೆ. ಖಂಡಿತ ಇಲ್ಲ. ಒಂದರಲ್ಲಿ ತೀರ್ಮಾನ ಆದ ಮೇಲೋ, ಲಿಖಿತವಾಗಿ ವಾಪಸ್ ತಗೊಂಡ ಮೇಲೋ ಮಾತ್ರ ಇನ್ನೊಂದು.

ರಿಜೆಕ್ಟ್ ಆಯಿತು. ಗೈಡ್ ಮುಖ ಹೇಗೆ ನೋಡಲಿ?

ನಿಮ್ಮ ಗೈಡ್‌ಗೂ ರಿಜೆಕ್ಟ್ ಆಗಿದೆ, ಕೇಳಿ ನೋಡಿ. ಜೀವರಸಾಯನ ವಿಜ್ಞಾನಿ ಹಾನ್ಸ್ ಕ್ರೆಬ್ಸ್, ಜೀವಕೋಶಗಳು ಆಹಾರದಿಂದ ಶಕ್ತಿ ಪಡೆಯುವ ಸಿಟ್ರಿಕ್ ಆಮ್ಲ ಚಕ್ರದ ಬಗ್ಗೆ 1937ರಲ್ಲಿ 'ನೇಚರ್'ಗೆ ಬರೆದಾಗ, ನಮ್ಮಲ್ಲಿ ಈಗಾಗಲೇ ಪತ್ರಗಳು ತುಂಬಿವೆ ಅಂತ ವಾಪಸ್ ಕಳಿಸಿದರು. ಬೇರೆ ಜರ್ನಲ್ಲಿನಲ್ಲಿ ಬಂತು. 1953ರಲ್ಲಿ ನೊಬೆಲ್ ಸಿಕ್ಕಿತು. ಇವತ್ತು ಪಿಯುಸಿ ಜೀವಶಾಸ್ತ್ರದ ಮಕ್ಕಳು ಆ ಚಕ್ರವನ್ನು ಕ್ರೆಬ್ಸ್ ಚಕ್ರ ಅಂತ ಬಾಯಿಪಾಠ ಮಾಡುತ್ತಾರೆ. ಅಮೆರಿಕದ ವಿಜ್ಞಾನಿ ರೋಸಲಿನ್ ಯಾಲೋ ಅವರಂತೂ ತಮ್ಮ ಪೇಪರಿಗೆ 1955ರಲ್ಲಿ ಬಂದ ನಿರಾಕರಣೆಯ ಪತ್ರವನ್ನು ಜೋಪಾನವಾಗಿ ಇಟ್ಟುಕೊಂಡಿದ್ದರು. 1977ರಲ್ಲಿ ನೊಬೆಲ್ ಭಾಷಣ ಮಾಡುವಾಗ ಅದನ್ನು ಎಲ್ಲರಿಗೂ ತೋರಿಸಿದರು.

ಆದರೆ ಈ ಕಥೆಗಳನ್ನು ಹಿಡಿದುಕೊಂಡು ವರದಿಯನ್ನು ಮೂಲೆಗೆ ಎಸೆಯಬೇಡಿ. ಅದರಲ್ಲಿ ಹೇಳಿದ್ದನ್ನು ಸರಿಮಾಡಿ ಮುಂದಿನ ಜರ್ನಲ್ಲಿಗೆ ಕಳಿಸಿ. ನಮ್ಮ ವಿಷಯದಲ್ಲಿ ಜನ ಕಡಿಮೆ. ಅಲ್ಲೂ ಅದೇ ರಿವ್ಯೂವರ್ ಸಿಗಬಹುದು. ಒಂದಕ್ಷರವೂ ಬದಲಾಗದೆ ಬಂದ ಪೇಪರನ್ನು ನಾನೇ ಎರಡು ಸಲ ನೋಡಿದ್ದೇನೆ.

ನಾನು ಕನ್ನಡ ಮಾಧ್ಯಮ. "ಇಂಗ್ಲಿಷ್ ಸುಧಾರಿಸಬೇಕು" ಅಂತ ಬರೆದಿದ್ದಾರೆ. ಬಹಳ ನೋವಾಯಿತು.

ಆ ನೋವು ನನಗೆ ಗೊತ್ತು. ಹತ್ತನೇ ತರಗತಿಯವರೆಗೆ ನಾನು ಓದಿದ್ದು ಲಿಂಗಸುಗೂರು ತಾಲ್ಲೂಕಿನ ಕನ್ನಡ ಶಾಲೆಯಲ್ಲಿ. ಭಾಷೆ ಚೆನ್ನಾಗಿಲ್ಲ ಅಂದರೆ ವಿಜ್ಞಾನ ಚೆನ್ನಾಗಿಲ್ಲ ಅಂತ ಅಲ್ಲ. ಒಳ್ಳೆಯ ಸಂಪಾದಕರು ಇವೆರಡನ್ನು ಬೇರೆ ಮಾಡಿ ನೋಡುತ್ತಾರೆ. ನಾನು ಮಾಡುವುದು ಹೀಗೆ: ಚರ್ಚೆಯ ಭಾಗವನ್ನು ಮೊದಲು ಕನ್ನಡದಲ್ಲಿ ಯಾರಿಗಾದರೂ ಬಾಯಲ್ಲಿ ಹೇಳುತ್ತೇನೆ. ಎಲ್ಲಿ ತಡವರಿಸುತ್ತೇನೋ ಅಲ್ಲಿ ವಿಚಾರವೇ ಗಟ್ಟಿಯಾಗಿಲ್ಲ. ಅದು ಗಟ್ಟಿಯಾದ ಮೇಲೆ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಬರೆಯುತ್ತೇನೆ. ದೊಡ್ಡ ವಾಕ್ಯ ಬರೆದರೆ ದೊಡ್ಡ ವಿಜ್ಞಾನಿ ಅನ್ನಿಸುತ್ತದೆ ಅನ್ನುವ ಭ್ರಮೆ ಬೇಡ. ರಿವ್ಯೂವರ್ ಆಗಿ ಕೂತಾಗ ನಾನು ಭಾಷೆಯ ಬಗ್ಗೆ ಬರೆಯುವುದಿದ್ದರೆ ಯಾವ ಸಾಲು ಅಂತ ತೋರಿಸಿಯೇ ಬರೆಯುತ್ತೇನೆ. ಸುಮ್ನೆ "ಸುಧಾರಿಸಿ" ಅಂದರೆ ಏನು ಮಾಡಬೇಕು ಪಾಪ.

"ಏಳು ದಿನದಲ್ಲಿ ಪ್ರಕಟಣೆ, ಪೀರ್ ರಿವ್ಯೂ ಸಹಿತ" ಅಂತ ವಾಟ್ಸ್ಯಾಪಿನಲ್ಲಿ ಬಂದಿದೆ. ಕಳಿಸಲಾ?

ಕೈ ಮುಗಿದು ಹೇಳುತ್ತೇನೆ, ಬೇಡ.

ಮೇಲೆ ಹೇಳಿದ ಲೆಕ್ಕ ನೋಡಿ. ಇಬ್ಬರು ತಜ್ಞರನ್ನು ಹುಡುಕಿ, ಅವರು ಓದಿ, ನೀವು ತಿದ್ದಿ, ಮತ್ತೆ ಅವರು ನೋಡುವುದೆಲ್ಲ ಏಳು ದಿನದಲ್ಲಿ ಆಗುತ್ತದಾ? ಯಾರೂ ಓದುವುದಿಲ್ಲ. ದುಡ್ಡು ಕಟ್ಟಿದರೆ ಹಾಕುತ್ತಾರೆ. ಜಾನ್ ಬೊಹಾನನ್ ಅನ್ನುವ ಪತ್ರಕರ್ತರು ಬೇಕಂತಲೇ ದೊಡ್ಡ ತಪ್ಪುಗಳನ್ನು ತುಂಬಿದ ಒಂದು ನಕಲಿ ಪೇಪರನ್ನು, ಸಣ್ಣಪುಟ್ಟ ಬದಲಾವಣೆ ಮಾಡಿ, 304 ಜರ್ನಲ್‌ಗಳಿಗೆ ಕಳಿಸಿದ್ದರು. 157 ಜರ್ನಲ್‌ಗಳು ಒಪ್ಪಿಕೊಂಡವು. ಆ ವರದಿ 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಇದು ಬರೀ ಚಿಕ್ಕ ಅಂಗಡಿಗಳ ರೋಗವೂ ಅಲ್ಲ. 2023ರಲ್ಲಿ ಹಿಂದಾವಿ ಪ್ರಕಾಶನ 8,000ಕ್ಕೂ ಹೆಚ್ಚು ಪೇಪರ್‌ಗಳನ್ನು ಹಿಂಪಡೆಯಿತು. ರಿವ್ಯೂ ವ್ಯವಸ್ಥೆಯೊಳಗೇ ಮೋಸದ ಜಾಲ ಹೊಕ್ಕಿತ್ತು.

ನಮ್ಮ ಕಡೆಯ ಮಕ್ಕಳು ಸ್ಟೈಪೆಂಡಿನಲ್ಲಿ ಉಳಿಸಿ, ಮನೆಯಿಂದ ತರಿಸಿ ಇಂಥವರಿಗೆ ಕಟ್ಟುವುದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. ಒಬ್ಬ ಹುಡುಗಿ ಮೂರು ವರ್ಷ ಹತ್ತಿಯ ಗುಲಾಬಿ ಕಾಯಿಕೊರಕದ ಮೇಲೆ ಬಿಸಿಲಲ್ಲಿ ದುಡಿದ ಅಂಕಿಗಳನ್ನು ಹೀಗೆ ಒಂದು ಕಡೆ ಕೊಟ್ಟಳು. ಒಂದು ವರ್ಷದೊಳಗೆ ಆ ಜರ್ನಲ್ಲೇ ಮಾಯ. ಒಮ್ಮೆ ಪ್ರಕಟ ಆದದ್ದನ್ನು ಬೇರೆಯವರು ತಗೊಳ್ಳುವುದಿಲ್ಲ. ಮೂರು ವರ್ಷದ ಕೆಲಸ ಹಾಗೇ ಹೋಯಿತು.

ಗುರುತಿಸುವುದು ಹೇಗೆ? ಸಂಪಾದಕ ಮಂಡಳಿಯಲ್ಲಿ ಇರುವ ಒಬ್ಬಿಬ್ಬರ ಹೆಸರನ್ನು ಅವರದೇ ಸಂಸ್ಥೆಯ ತಾಣದಲ್ಲಿ ಹುಡುಕಿ. ಆ ಜರ್ನಲ್ಲಿನ ಮೂರು ಪೇಪರ್ ತೆರೆದು ಪೂರ್ತಿ ಓದಿ. ಟೇಬಲ್ಲಿನ ಮೊತ್ತ ತಾಳೆ ಆಗದಿದ್ದರೆ ಗೊತ್ತಾಗಿಬಿಡುತ್ತದೆ. ಭತ್ತ, ರೋಬೋಟ್, ಶೇಕ್ಸ್‌ಪಿಯರ್ ಎಲ್ಲ ಒಂದೇ ಸಂಚಿಕೆಯಲ್ಲಿದ್ದರೆ ದೂರ ಇರಿ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2019ರಲ್ಲಿ ಶುರು ಮಾಡಿದ್ದ, ನಂಬಬಹುದಾದ ಜರ್ನಲ್‌ಗಳ ಕೇರ್ ಪಟ್ಟಿಯನ್ನು 2025ರ ಫೆಬ್ರವರಿಯಲ್ಲಿ ಕೈಬಿಟ್ಟಿದೆ. ಹಾಗಾಗಿ "ಕೇರ್ ಲಿಸ್ಟೆಡ್" ಅನ್ನುವ ಬೋರ್ಡು ನೋಡಿ ನಂಬಬೇಡಿ. ಕೃಷಿಯವರು ನಾಸ್ (ರಾಷ್ಟ್ರೀಯ ಕೃಷಿ ವಿಜ್ಞಾನ ಅಕಾಡೆಮಿ) ಜರ್ನಲ್‌ಗಳಿಗೆ ಕೊಡುವ ರೇಟಿಂಗ್ ನೋಡುತ್ತಾರೆ, ನೋಡಿ. ಆದರೆ ನಿಮಗೆ ಬಂದ ಮೇಲ್ ಆ ಜರ್ನಲ್ಲಿನದೇ ಅಂತ ಖಾತ್ರಿ ಮಾಡಿಕೊಳ್ಳಿ. ಒಳ್ಳೆಯ ಜರ್ನಲ್ಲಿನ ಹೆಸರಿನಲ್ಲೇ ನಕಲಿ ತಾಣಗಳೂ ಇವೆ.

ದುಡ್ಡು ತಗೊಳ್ಳುವ ಜರ್ನಲ್‌ಗಳೆಲ್ಲ ಮೋಸದವು ಅಂತಲೂ ಅಲ್ಲ. ಯಾರು ಬೇಕಾದರೂ ಉಚಿತವಾಗಿ ಓದಲಿ ಅಂತ ಇಡುವ ಒಳ್ಳೆಯ ಜರ್ನಲ್‌ಗಳು ಲೇಖಕರಿಂದ ಶುಲ್ಕ ಪಡೆಯುತ್ತವೆ. ಆದರೆ ದುಡ್ಡೇ ಇಲ್ಲದೆ ಹಾಕುವ ಗಟ್ಟಿ ಜರ್ನಲ್‌ಗಳು ನಮ್ಮ ರಾಜ್ಯದಲ್ಲೇ ಇವೆ. ಬೆಂಗಳೂರಿನಿಂದ 1932ರಿಂದ ಬರುತ್ತಿರುವ 'ಕರೆಂಟ್ ಸೈನ್ಸ್' ಇದೆ. ಸಿ. ವಿ. ರಾಮನ್ 1934ರಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿಯ ಜರ್ನಲ್‌ಗಳಿವೆ. ಮೊದಲು ಇಂಥ ಕಡೆ ಪ್ರಯತ್ನ ಮಾಡಿ.

ಪಿಎಚ್‌ಡಿ ಸಲ್ಲಿಸಲು ಪೇಪರ್ ಬೇಕೇ ಬೇಕಲ್ವಾ? ಅದಕ್ಕೇ ಅವಸರ.

ಯುಜಿಸಿಯ 2022ರ ಪಿಎಚ್‌ಡಿ ನಿಯಮಗಳಲ್ಲಿ ಪೇಪರ್ ಕಡ್ಡಾಯ ಅನ್ನುವುದನ್ನು ತೆಗೆದಿದ್ದಾರೆ. ವಿಶ್ವವಿದ್ಯಾಲಯಗಳು ತಮ್ಮದೇ ನಿಯಮ ಇಟ್ಟುಕೊಂಡಿರಬಹುದು. ನಿಮ್ಮ ವಿವಿಯ ಈಗಿನ ಸುತ್ತೋಲೆಯನ್ನು ಕೈಯಲ್ಲಿ ಹಿಡಿದು ಓದಿ. ಸೀನಿಯರ್ ಹೇಳಿದರು ಅಂತ ನಂಬಿ ಅವಸರದಲ್ಲಿ ದುಡ್ಡು ಕಟ್ಟಬೇಡಿ.

ಪೀರ್ ರಿವ್ಯೂ ಆದ ಪೇಪರ್ ಅಂದರೆ ಪೂರ್ತಿ ಸತ್ಯವೇ?

ಅಲ್ಲ. ರಿವ್ಯೂವರ್ ನಿಮ್ಮ ಹೊಲಕ್ಕೆ ಬಂದು ನೋಡುವುದಿಲ್ಲ. ಕಾಗದದ ಮೇಲೆ ಇರುವುದನ್ನು ನೋಡುತ್ತಾರೆ. ಅಂಕಿಗಳನ್ನೇ ಕಟ್ಟಿಕೊಟ್ಟರೆ ಹಿಡಿಯುವುದು ಕಷ್ಟ. ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಇದೆ ಅನ್ನುವ ಅರ್ಥ ಬರುವ ಪೇಪರ್ 1998ರಲ್ಲಿ 'ಲ್ಯಾನ್ಸೆಟ್' ಅನ್ನುವ ವೈದ್ಯಕೀಯ ಜರ್ನಲ್ಲಿನಲ್ಲಿ ಬಂತು. ಹಿಂಪಡೆದದ್ದು 2010ರಲ್ಲಿ. ಆ ಹನ್ನೆರಡು ವರ್ಷದಲ್ಲಿ ಎಷ್ಟೋ ತಾಯಂದಿರು ಹೆದರಿ ಮಕ್ಕಳಿಗೆ ಲಸಿಕೆ ಹಾಕಿಸಲಿಲ್ಲ. ಪೇಪರ್ ಅಚ್ಚಾದ ಮೇಲೆ ಬೇರೆಯವರು ಅದೇ ಪ್ರಯೋಗ ಮಾಡಿ ನೋಡುತ್ತಾರಲ್ಲ, ನಿಜವಾದ ಪರೀಕ್ಷೆ ಅದು. ರಿವ್ಯೂ ಮೊದಲ ಜರಡಿ.

ಈಗ ರಿವ್ಯೂಗೆ ಮುಂಚೆಯೇ ಪೇಪರನ್ನು ಎಲ್ಲರಿಗೂ ಕಾಣುವಂತೆ ಹಾಕುವ ಪದ್ಧತಿ ಇದೆ, ಪ್ರೀಪ್ರಿಂಟ್ ಅನ್ನುತ್ತಾರೆ. ಭೌತಶಾಸ್ತ್ರದವರು 1991ರಿಂದ 'ಆರ್‌ಕೈವ್' ಅನ್ನುವ ಆನ್‌ಲೈನ್ ಭಂಡಾರದಲ್ಲಿ ಹಾಕುತ್ತಿದ್ದಾರೆ. ಅಲ್ಲಿರುವುದನ್ನು ಇನ್ನೂ ಜರಡಿ ಹಿಡಿಯದ ಕಾಳು ಅಂತ ತಿಳಿದು ಓದಿ.

ರಿವ್ಯೂ ಮಾಡಲು ನನಗೇ ಮೇಲ್ ಬಂದಿದೆ. ಒಪ್ಪಲಾ? ಚಾಟ್‌ಜಿಪಿಟಿ ಬಳಸಬಹುದಾ?

ವಿಷಯ ಗೊತ್ತಿದ್ದರೆ, ಬರೆದವರು ನಿಮಗೆ ಹತ್ತಿರದವರೋ ಎದುರಾಳಿಯೋ ಅಲ್ಲದಿದ್ದರೆ, ಹೇಳಿದ ದಿನಕ್ಕೆ ಮುಗಿಸಬಲ್ಲಿರಾದರೆ ಒಪ್ಪಿ. ಇಲ್ಲದಿದ್ದರೆ ಅವತ್ತೇ ಬೇಡ ಅನ್ನಿ. ಸುಮ್ಮನಿದ್ದರೆ ಅತ್ತ ಯಾರೋ ಒಬ್ಬ ಸ್ಕಾಲರ್ ದಿನಾ ಲಾಗಿನ್ ಆಗಿ ನೋಡುತ್ತಿರುತ್ತಾನೆ.

ಪೇಪರನ್ನು ಚಾಟ್‌ಜಿಪಿಟಿಗೆ ಹಾಕಬೇಡಿ. ಅದು ನಂಬಿ ಕೊಟ್ಟ ವಸ್ತು, ಇನ್ನೂ ಪ್ರಕಟ ಆಗಿಲ್ಲ. ಹೊರಗಿನ ಕಂಪ್ಯೂಟರಿಗೆ ಏರಿಸಿದರೆ ನಂಬಿಕೆ ಮುರಿದ ಹಾಗೆ. ಬಹಳಷ್ಟು ಪ್ರಕಾಶಕರು ಇದನ್ನು ಸ್ಪಷ್ಟವಾಗಿ ಬೇಡ ಅಂದಿದ್ದಾರೆ.

ನಾನು ಮೊದಲು ಟೇಬಲ್‌ಗಳನ್ನು ನೋಡುತ್ತೇನೆ, ಆಮೇಲೆ ವಿಧಾನ, ಕೊನೆಗೆ ಪೀಠಿಕೆ. ವರದಿಯ ಮೊದಲ ಪ್ಯಾರಾದಲ್ಲಿ ಈ ಪೇಪರ್ ಏನು ಹೇಳುತ್ತಿದೆ ಅಂತ ನನ್ನ ಮಾತಲ್ಲಿ ಬರೆಯುತ್ತೇನೆ. ನಾನು ಸರಿಯಾಗಿ ಓದಿದ್ದೇನೆ ಅಂತ ಬರೆದವರಿಗೆ ಗೊತ್ತಾಗಬೇಕು. ಆಮೇಲೆ ಚೆನ್ನಾಗಿರುವುದು. ಆಮೇಲೆ ದೊಡ್ಡ ಪ್ರಶ್ನೆಗಳು, ನಂಬರ್ ಹಾಕಿ. ಸಣ್ಣವು ಕೊನೆಗೆ. "ನನ್ನ ಪೇಪರ್ ಉಲ್ಲೇಖಿಸಿ" ಅಂತ ಬರೆಯುವುದಿಲ್ಲ. ರಾತ್ರಿ ಬರೆದಿದ್ದನ್ನು ರಾತ್ರಿಯೇ ಕಳಿಸುವುದಿಲ್ಲ. ಬೆಳಿಗ್ಗೆ ಇನ್ನೊಮ್ಮೆ ಓದಿ, ಎದುರಿಗೆ ಕೂರಿಸಿಕೊಂಡು ಹೇಳಲಾರದ ಮಾತು ಇದ್ದರೆ ಅಳಿಸುತ್ತೇನೆ. ಆಮೇಲೆ ಕಳಿಸುತ್ತೇನೆ. ಪ್ರಿಂಟ್ ತೆಗೆದುಕೊಂಡಿದ್ದರೆ ಆ ಹಾಳೆಗಳನ್ನು ಹರಿದು ಹಾಕುತ್ತೇನೆ. ರದ್ದಿಗೆ ಹಾಕುವುದಿಲ್ಲ, ಮಿರ್ಚಿ ಬಜಿ ಕಟ್ಟಿಕೊಡಲು ಹೋಗಿಬಿಡುತ್ತವೆ.